ಹಳೆಯ ಬೇಸ್‌ಬಾಲ್ ಮೈದಾನಕ್ಕೂ ಒಂದು ದಿನ ಇರಲಿ

ಬೇಸಿಗೆ ಬಂತೆಂದರೆ ಮೈಸೂರು, ಹುಬ್ಬಳ್ಳಿ, ದಾವಣಗೆರೆಗಳಿಂದ ಅಮೆರಿಕದ ಮಗನ ಮನೆಗೋ ಮಗಳ ಮನೆಗೋ ಹೊರಡುವ ಹಿರಿಯರು ಈಗ ಬಹಳ ಮಂದಿ. ಅವರು ಅಲ್ಲಿ ಇಳಿಯುವ ಹೊತ್ತಿಗೆ ಪ್ರವಾಸದ ಪಟ್ಟಿ ಸಿದ್ಧವಾಗಿರುತ್ತದೆ. ನಯಾಗರ ಜಲಪಾತ, ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ, ವಾಷಿಂಗ್ಟನ್ನಿನ ಮ್ಯೂಸಿಯಂಗಳು, ಮಕ್ಕಳಿಗಾಗಿ ಡಿಸ್ನಿ, ದಾರಿಯಲ್ಲಿ ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ. ಬಾಸ್ಟನ್ನಿಗೆ ಹೋದವರು ಹಾರ್ವರ್ಡ್ ನೋಡುತ್ತಾರೆ. ಶಿಕಾಗೋಗೆ ಹೋದವರು 1893ರಲ್ಲಿ ವಿವೇಕಾನಂದರು ಮಾತಾಡಿದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇವೆಲ್ಲ ನೋಡತಕ್ಕ ಜಾಗಗಳೇ. ಆದರೆ ಅವೇ ಎರಡು ನಗರಗಳಲ್ಲಿ, ನಗರ ರೈಲಿನಿಂದ ಇಳಿದು ನಡೆದೇ ತಲುಪಬಹುದಾದ ಫೆನ್‌ವೇ ಪಾರ್ಕ್ ಮತ್ತು ರಿಗ್ಲಿ ಫೀಲ್ಡ್ ಎಂಬ ಎರಡು ಹಳೆಯ ಬೇಸ್‌ಬಾಲ್ ಮೈದಾನಗಳು ಈ ಪಟ್ಟಿಯಲ್ಲಿ ಕಾಣಿಸುವುದು ಅಪರೂಪ. ‘ನಮಗೆ ಆ ಆಟವೇ ಗೊತ್ತಿಲ್ಲ’ ಎಂಬ ಒಂದು ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ಆಟ ಗೊತ್ತಿಲ್ಲದ ಕುಟುಂಬವೂ ಇವುಗಳಲ್ಲಿ ಒಂದಕ್ಕೆ ಒಂದು ದಿನ ಎತ್ತಿಡಬೇಕು ಎಂಬುದು ನನ್ನ ವಾದ. ನೂರು ವರ್ಷ ದಾಟಿದ ಸಾರ್ವಜನಿಕ ಜಾಗವೊಂದು ಕಟ್ಟಿದ ಉದ್ದೇಶಕ್ಕೇ ಇವತ್ತಿಗೂ ಬಳಕೆಯಾಗುತ್ತಿರುವುದು, ಅದನ್ನು ಉಳಿಸಲು ಊರಿನವರು ಹಟ ಹಿಡಿದದ್ದು, ಅದೇ ಗೋಡೆಗಳ ಒಳಗೆ ಅನ್ಯಾಯ ನಡೆದದ್ದು, ಈ ಮೂರೂ ಒಂದೇ ಕಡೆ ಕಾಣಸಿಗುವ ಜಾಗ ಅಮೆರಿಕದಲ್ಲಿ ಹೆಚ್ಚಿಲ್ಲ.

ಫೆನ್‌ವೇ ಬಾಗಿಲು ತೆರೆದದ್ದು 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿದ ಐದನೆಯ ದಿನ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಇಂದಿಗೂ ಆಟ ನಡೆಯುತ್ತಿರುವ ಮೈದಾನಗಳಲ್ಲಿ ಅದೇ ಅತಿ ಹಳೆಯದು. ಜನ ಟ್ರಾಮಿನಲ್ಲಿ ಬರುತ್ತಿದ್ದ ಕಾಲ ಅದು. ಕಾರು ನಿಲ್ಲಿಸಲು ಬಯಲು ಬೇಕಿರಲಿಲ್ಲ, ಹಾಗಾಗಿ ಬೀದಿಗಳ ನಡುವೆ ಸಿಕ್ಕಷ್ಟು ನೆಲದಲ್ಲಿ ಮೈದಾನ ಎದ್ದಿತು. ಎಡಗಡೆ ಲ್ಯಾನ್ಸ್‌ಡೌನ್ ಸ್ಟ್ರೀಟ್ ಅಡ್ಡ ಬಂದದ್ದರಿಂದ ಆಟದ ಅಂಗಳ ಅಲ್ಲಿಗೇ ನಿಲ್ಲಬೇಕಾಯಿತು. ಬ್ಯಾಟರ್ ನಿಲ್ಲುವ ಜಾಗದಿಂದ ಎಡ ಮೂಲೆಗೆ ಬರೀ 310 ಅಡಿ. ಆ ಗಿಡ್ಡ ಅಂತರಕ್ಕೆ ಪರಿಹಾರವಾಗಿ ನಿಂತಿರುವುದೇ 37 ಅಡಿ ಎತ್ತರದ ಗೋಡೆ, ಇಡೀ ದೇಶ ‘ಗ್ರೀನ್ ಮಾನ್‌ಸ್ಟರ್’ ಎಂದು ಕರೆಯುವ ಹಸಿರು ಗೋಡೆ. ಬೇರೆ ಮೈದಾನದಲ್ಲಿ ಸುಲಭದ ಕ್ಯಾಚ್ ಆಗುತ್ತಿದ್ದ ಎತ್ತರದ ಹೊಡೆತ ಇಲ್ಲಿ ಗೋಡೆ ದಾಟಿ ಹೋಮ್ ರನ್ ಆಗಬಹುದು, ಕ್ರಿಕೆಟ್ಟಿನ ಲೆಕ್ಕದಲ್ಲಿ ಸಿಕ್ಸರ್. ಬೇರೆಡೆ ಬೇಲಿ ದಾಟುತ್ತಿದ್ದ ಬಿರುಸಿನ ತಗ್ಗು ಹೊಡೆತ ಇಲ್ಲಿ ಗೋಡೆಗೆ ಬಡಿದು ಅಂಗಳಕ್ಕೇ ಮರಳಬಹುದು. ಬಲ ಮೂಲೆಯಂತೂ ಇನ್ನೂ ಹತ್ತಿರ, 302 ಅಡಿ. 1958ರ ನಂತರ ಕಟ್ಟುವ ಮೈದಾನಗಳಿಗೆ ಎರಡೂ ಮೂಲೆಗಳಲ್ಲಿ ಕನಿಷ್ಠ 325 ಅಡಿ ಇರಬೇಕೆಂದು ನಿಯಮ ಬಂತು. ಆಮೇಲೆ ಅದಕ್ಕೆ ವಿನಾಯಿತಿ ಸಿಕ್ಕ ಮೈದಾನಗಳೂ ಇವೆ. ಆದರೂ ಇಂಥ ಅಂಕುಡೊಂಕಿನ ಅಂಗಳವನ್ನು ಈಗ ಯಾರೂ ಕಟ್ಟಲಾರರು. ಊರಿನ ಬೀದಿಯೊಂದು ನೂರು ವರ್ಷ ಕಾಲ ಆಟಗಾರರ ತಂತ್ರವನ್ನೇ ತಿದ್ದಿದೆ ಎಂಬುದನ್ನು ಹತ್ತು ವರ್ಷದ ಮಗುವಿಗೂ ಗೋಡೆಯತ್ತ ಬೆರಳು ತೋರಿಸಿಯೇ ಅರ್ಥಮಾಡಿಸಬಹುದು. ಗೋಡೆಯ ಬುಡದಲ್ಲಿರುವ ಸ್ಕೋರ್‌ಬೋರ್ಡಿಗೆ ಇಂದಿಗೂ ಅಂಕಿಯ ಹಲಗೆಗಳನ್ನು ಮನುಷ್ಯರೇ ಕೈಯಿಂದ ಸಿಕ್ಕಿಸುತ್ತಾರೆ. ಬಲಗಡೆಯ ಹಸಿರು ಕುರ್ಚಿಗಳ ಸಾಲಿನಲ್ಲಿ ಒಂದೇ ಒಂದು ಕೆಂಪು ಕುರ್ಚಿಯಿದೆ. 1946ರ ಜೂನ್ 9ರಂದು ಟೆಡ್ ವಿಲಿಯಮ್ಸ್ ಬೀಸಿದ ಚೆಂಡು 502 ಅಡಿ ಹಾರಿ ಬಿದ್ದದ್ದು ಅಲ್ಲಿ.

ಇದು ಉಳಿದದ್ದು ತಾನಾಗಿ ಅಲ್ಲ. ಫೆನ್‌ವೇ ತೆರೆದ ಅದೇ ದಿನ, ಅದೇ 1912ರ ಏಪ್ರಿಲ್ 20ರಂದು, ಡೆಟ್ರಾಯಿಟ್‌ನಲ್ಲಿ ಮುಂದೆ ಟೈಗರ್ ಸ್ಟೇಡಿಯಂ ಎಂದು ಹೆಸರಾದ ಮೈದಾನವೂ ತೆರೆಯಿತು. ಅಲ್ಲಿಯ ಅಭಿಮಾನಿಗಳು 1987ರಲ್ಲಿ ಸಂಘ ಕಟ್ಟಿದರು, ಮರುವರ್ಷ ಕೈಕೈ ಹಿಡಿದು ಇಡೀ ಕ್ರೀಡಾಂಗಣವನ್ನು ಸುತ್ತುವರಿದು ಅಪ್ಪಿಕೊಂಡರು. ಇದ್ದ ಕಟ್ಟಡವನ್ನೇ ಸುಧಾರಿಸುವ ಯೋಜನೆಯನ್ನೂ ಮುಂದಿಟ್ಟರು. ತಂಡದ ಮಾಲೀಕರು ಒಪ್ಪಲಿಲ್ಲ. 1999ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕೊನೆಯ ಆಟ ನಡೆಯಿತು, ಸುಮಾರು ಹತ್ತು ವರ್ಷ ಖಾಲಿ ಬಿದ್ದಿದ್ದ ಕಟ್ಟಡವನ್ನು 2008-09ರಲ್ಲಿ ಕೆಡವಿದರು. ಬಾಸ್ಟನ್ನಿನಲ್ಲೂ ಅದೇ 1999ರಲ್ಲಿ ಆಗಿನ ಆಡಳಿತ ಹಳೆಯ ಮೈದಾನವನ್ನು ಬಿಟ್ಟು ಪಕ್ಕದಲ್ಲೇ ಹೊಸದನ್ನು ಕಟ್ಟುವ ಯೋಜನೆ ಪ್ರಕಟಿಸಿತ್ತು. ‘ಸೇವ್ ಫೆನ್‌ವೇ ಪಾರ್ಕ್’ ಎಂಬ ನಾಗರಿಕರ ಗುಂಪು ಅದನ್ನು ವಿರೋಧಿಸಿತು, ದುರಸ್ತಿ ಸಾಧ್ಯವೆಂದು ವಾಸ್ತುಶಿಲ್ಪಿಗಳಿಂದ ನಕ್ಷೆ ಮಾಡಿಸಿ ತೋರಿಸಿತು. 2002ರಲ್ಲಿ ತಂಡ ಹೊಸ ಮಾಲೀಕರ ಕೈಗೆ ಬಂತು. ಅವರು ವಾಸ್ತುಶಿಲ್ಪಿ ಜಾನೆಟ್ ಮೇರಿ ಸ್ಮಿತ್ ಅವರನ್ನು ಕರೆತಂದು ವರ್ಷಕ್ಕಿಷ್ಟು ಎಂದು ಕೆಲಸ ಹಿಡಿದರು, 2005ರಲ್ಲಿ ಇಲ್ಲಿಯೇ ಉಳಿಯುತ್ತೇವೆಂದು ಘೋಷಿಸಿದರು. ಈ ಎರಡು ಊರುಗಳ ಕಥೆ ಪಕ್ಕಪಕ್ಕದಲ್ಲಿಟ್ಟರೆ ಕಹಿಯಾದ ಒಂದು ಸತ್ಯ ಕಾಣುತ್ತದೆ. ಎರಡೂ ಕಡೆ ಜನರ ಪ್ರೀತಿ ಇತ್ತು, ಎರಡೂ ಕಡೆ ಪರ್ಯಾಯ ಯೋಜನೆ ಇತ್ತು. ಒಂದು ಕಡೆ ಕೇಳಿಸಿಕೊಳ್ಳುವವರು ಸಿಕ್ಕರು, ಇನ್ನೊಂದು ಕಡೆ ಸಿಗಲಿಲ್ಲ. ಜನ ಹಟ ಹಿಡಿಯದಿದ್ದರೆ ಹಳೆಯ ಜಾಗ ಉಳಿಯುವುದಿಲ್ಲ, ಬರೀ ಹಟ ಸಾಕಾಗುವುದೂ ಇಲ್ಲ.

ಹಳೆಯದನ್ನು ಕೆಡವಿದವರ ಲೆಕ್ಕಾಚಾರವಾದರೂ ಸರಿಯಿತ್ತೇ? 1960-70ರ ದಶಕಗಳಲ್ಲಿ ಬೇಸ್‌ಬಾಲ್‌ಗೂ ಅಮೆರಿಕನ್ ಫುಟ್‌ಬಾಲ್‌ಗೂ ಒಂದೇ ಸಾಕೆಂದು, ಸುತ್ತ ಕಾರುಗಳಿಗೆ ವಿಶಾಲ ಜಾಗ ಬಿಟ್ಟು, ದುಂಡನೆಯ ಕಾಂಕ್ರೀಟ್ ಕ್ರೀಡಾಂಗಣಗಳನ್ನು ಊರೂರಿನಲ್ಲಿ ಎಬ್ಬಿಸಿದರು. ಪಿಟ್ಸ್‌ಬರ್ಗಿನಲ್ಲಿ 1909ರ ಫೋರ್ಬ್ಸ್ ಫೀಲ್ಡ್ ಬಿಟ್ಟು 1970ರಲ್ಲಿ ತ್ರೀ ರಿವರ್ಸ್ ಸ್ಟೇಡಿಯಂ ತೆರೆದರು. ಅದನ್ನು 2001ರಲ್ಲೇ ಸ್ಫೋಟಿಸಿ ಕೆಡವಿದರು. ಸಿನ್ಸಿನಾಟಿಯದು 1970ರಲ್ಲಿ ತೆರೆದು 2002ರಲ್ಲಿ ನೆಲಸಮ, ಫಿಲಡೆಲ್ಫಿಯಾದ್ದು 1971ರಲ್ಲಿ ತೆರೆದು 2004ರಲ್ಲಿ ನೆಲಸಮ. ‘ಹಳೆಯದಾಯಿತು, ಕಾಲಕ್ಕೆ ತಕ್ಕುದಲ್ಲ’ ಎನಿಸಿಕೊಂಡ ಫೆನ್‌ವೇ ಮತ್ತು ರಿಗ್ಲಿ, ತಮ್ಮ ಮೊಮ್ಮಕ್ಕಳ ವಯಸ್ಸಿನ ಈ ಕಟ್ಟಡಗಳು ಮಣ್ಣಾದ ಮೇಲೂ ನಿಂತಿವೆ. ಪಿಟ್ಸ್‌ಬರ್ಗಿನ ದೇವಸ್ಥಾನಕ್ಕೆ ಹೋಗುವ ಕುಟುಂಬಗಳಿಗೆ ಇಲ್ಲಿ ಇನ್ನೊಂದು ಮಾತು ಹೇಳಬೇಕು. ಅದೇ ನಗರದ ವಿಶ್ವವಿದ್ಯಾಲಯದ ಆವರಣದಲ್ಲಿ ಫೋರ್ಬ್ಸ್ ಫೀಲ್ಡಿನ ಹೊರಗೋಡೆಯ ತುಂಡೊಂದು ಉಳಿದಿದೆ. 1960ರ ಅಕ್ಟೋಬರ್ 13ರಂದು ಬಿಲ್ ಮಜರಾಸ್ಕಿ ಕೊನೆಯ ಇನ್ನಿಂಗ್ಸಿನಲ್ಲಿ ಹೊಡೆದ ಹೋಮ್ ರನ್ನಿನಿಂದ ಪಿಟ್ಸ್‌ಬರ್ಗ್ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ಪ್ರತಿವರ್ಷ ಆ ದಿನ ಅಭಿಮಾನಿಗಳು ಆ ಗೋಡೆಯ ಬಳಿ ಸೇರಿ, ಅಂದಿನ ಆಟದ ರೇಡಿಯೊ ವೀಕ್ಷಕ ವಿವರಣೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾರೆ. ಇಟ್ಟಿಗೆಯ ಗೋಡೆಯೊಂದನ್ನೇ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡ ಜನರಿಗೆ ಇಡೀ ಮೈದಾನವೇ ಉಳಿದಿದ್ದರೆ ಎನಿಸದೆ ಇರದು.

ಉಳಿದಿರುವುದು ನಿಜಕ್ಕೂ ಹಳೆಯದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಫೆನ್‌ವೇ ಗೋಡೆ ಮೊದಲಿಗೆ ಮರದ್ದಿತ್ತು, 1934ರಲ್ಲಿ ಹೊಸದಾಗಿ ಕಟ್ಟಿದರು. ಅದಕ್ಕೆ ಹೆಸರು ತಂದ ಹಸಿರು ಬಣ್ಣ ಬಂದದ್ದು 1947ರಲ್ಲಿ, ಅಲ್ಲಿಯವರೆಗೆ ಮೈತುಂಬ ಜಾಹೀರಾತು. ಗೋಡೆಯ ನೆತ್ತಿಯ ಮೇಲಿನ ಆಸನಗಳು 2003ರವು. ಶಿಕಾಗೋದ ರಿಗ್ಲಿ 1914ರದ್ದಾದರೂ ಅದರ ಇಟ್ಟಿಗೆ ಗೋಡೆಯನ್ನು ಮುಚ್ಚಿರುವ ಹಸಿರು ಬಳ್ಳಿ ನೆಟ್ಟದ್ದು 1937ರಲ್ಲಿ, ದೀಪ ಹಾಕಿ ರಾತ್ರಿ ಆಟ ಶುರುಮಾಡಿದ್ದು 1988ರಲ್ಲಿ. ಮೂಲ ಕಟ್ಟಡ ಇಷ್ಟೇ ಎಂದು ಗೆರೆ ಎಳೆಯುವುದು ಕಷ್ಟ. ಆದರೆ ಹಂಪಿಯನ್ನು ಬಲ್ಲವರಿಗೆ ಈ ತೊಡಕು ಹೊಸದಲ್ಲ. ವಿಜಯವಿಠ್ಠಲ ದೇವಾಲಯದಲ್ಲಿ ಪೂಜೆ ನಿಂತು ಶತಮಾನಗಳಾದವು, ಅದು ಶಿಲ್ಪವಾಗಿ ಉಳಿದಿದೆ. ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ದೀಪ ಉರಿಯುತ್ತದೆ, ತೇರು ಹೊರಡುತ್ತದೆ, ಕಾಲಕಾಲಕ್ಕೆ ಜೀರ್ಣೋದ್ಧಾರ ನಡೆದಿದೆ. ಎರಡನೆಯದನ್ನು ಕಡಿಮೆ ಹಳೆಯದೆಂದು ಯಾರೂ ಹೇಳುವುದಿಲ್ಲ. ಬಳಕೆಯಲ್ಲಿರುವ ಜಾಗಕ್ಕೆ ಕೈ ಬೀಳಲೇಬೇಕು. ಯಾವುದನ್ನು ತೆಗೆದರು, ಯಾವುದನ್ನು ಉಳಿಸಿಕೊಂಡರು ಎಂಬುದರ ಮೇಲೆ ತೀರ್ಪು ಕೊಡಬೇಕೇ ಹೊರತು ಮುಟ್ಟಿದ್ದೇ ತಪ್ಪೆಂದು ಹೇಳಲಾಗದು. ಆ ಲೆಕ್ಕದಲ್ಲಿ ಈ ಎರಡೂ ಮೈದಾನಗಳ ನಿರ್ವಾಹಕರು ಹೆಚ್ಚಿನ ಮಟ್ಟಿಗೆ ವಿವೇಕ ತೋರಿದ್ದಾರೆ. ರಿಗ್ಲಿಯ ವಿಷಯದಲ್ಲಿ ನೆರೆಯವರ ಮಾತಿಗೂ ಬೆಲೆ ಸಿಕ್ಕಿತು. ರಾತ್ರಿ ಆಟ ಬಂದರೆ ನಿದ್ದೆ ಕೆಡುತ್ತದೆ, ಬೀದಿ ತುಂಬುತ್ತದೆ ಎಂದು ಸುತ್ತಲಿನ ನಿವಾಸಿಗಳು ಎತ್ತಿದ ಆಕ್ಷೇಪದ ಫಲವಾಗಿ ವರ್ಷಕ್ಕೆ ಇಂತಿಷ್ಟೇ ರಾತ್ರಿ ಆಟ ಎಂಬ ಮಿತಿ ಬಂತು. ಹೀಗಾಗಿ ಇಂದಿಗೂ ಅಲ್ಲಿ ಹಲವು ಆಟಗಳು ಮಧ್ಯಾಹ್ನವೇ ನಡೆಯುತ್ತವೆ.

ಇನ್ನು ಮುಖ್ಯವಾದ ಆಕ್ಷೇಪ. ಈ ಹಳೆಯ ಮೈದಾನಗಳು ಕರಿಯರನ್ನು ಹೊರಗಿಟ್ಟ ಕಾಲದವು, ಅವನ್ನು ಕೊಂಡಾಡುವುದೆಂದರೆ ಆ ಕಾಲವನ್ನು ಕೊಂಡಾಡಿದಂತಲ್ಲವೇ ಎಂದು ಕೇಳಬಹುದು. ನನ್ನ ಮಟ್ಟಿಗೆ, ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ಇದೇ ದೊಡ್ಡ ಕಾರಣ. 1945ರ ಏಪ್ರಿಲ್ 16ರಂದು ಫೆನ್‌ವೇ ಅಂಗಳಕ್ಕೆ ಮೂವರು ಕರಿಯ ಆಟಗಾರರು ಬಂದರು: ಜಾಕಿ ರಾಬಿನ್ಸನ್, ಸ್ಯಾಮ್ ಜೆಥ್ರೊ, ಮಾರ್ವಿನ್ ವಿಲಿಯಮ್ಸ್. ಭಾನುವಾರ ಆಟ ನಡೆಸಲು ತಂಡಗಳಿಗೆ ನಗರಸಭೆಯ ಅನುಮತಿ ಬೇಕಿತ್ತು, ಇಸಡೋರ್ ಮಚ್ನಿಕ್ ಎಂಬ ಸದಸ್ಯರು ಅದನ್ನೇ ಹಿಡಿದು ಒತ್ತಾಯ ತಂದರು. ಪತ್ರಕರ್ತ ವೆಂಡೆಲ್ ಸ್ಮಿತ್ ಆಟಗಾರರನ್ನು ಕರೆತಂದರು. ಪರೀಕ್ಷೆ ನಡೆಯಿತು, ತಂಡದಿಂದ ಕರೆ ಬರಲೇ ಇಲ್ಲ. ಎರಡು ವರ್ಷದ ನಂತರ, 1947ರಲ್ಲಿ, ರಾಬಿನ್ಸನ್ ಬ್ರೂಕ್ಲಿನ್ ತಂಡದಲ್ಲಿ ಆಡಿ ಮೇಜರ್ ಲೀಗ್‌ನ ವರ್ಣಭೇದದ ಗೆರೆಯನ್ನು ಅಳಿಸಿದರು. ಜೆಥ್ರೊ ಬಾಸ್ಟನ್ನಿನದೇ ಇನ್ನೊಂದು ತಂಡ ಬ್ರೇವ್ಸ್ ಸೇರಿ 1950ರಲ್ಲಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದರು. ಫೆನ್‌ವೇಯ ರೆಡ್ ಸಾಕ್ಸ್ ತಂಡಕ್ಕೆ ಮೊದಲ ಕರಿಯ ಆಟಗಾರ, ಪಂಪ್ಸಿ ಗ್ರೀನ್, ಬಂದದ್ದು 1959ರ ಜುಲೈನಲ್ಲಿ. ಮೇಜರ್ ಲೀಗ್‌ನ ಎಲ್ಲ ತಂಡಗಳಲ್ಲೂ ಕಟ್ಟಕಡೆಯದು ಅದೇ. ಆ ಕಾಲವಿಡೀ ತಂಡದ ಒಡೆಯರಾಗಿದ್ದವರು ಟಾಮ್ ಯಾಕಿ. ಅವರು ತೀರಿಕೊಂಡ ಮೇಲೆ ಮೈದಾನದ ಮುಂದಿನ ಜರ್ಸಿ ಸ್ಟ್ರೀಟಿಗೆ ಯಾಕಿ ವೇ ಎಂದು ಹೆಸರಿಟ್ಟಿದ್ದರು. ಈಗಿನ ಮಾಲೀಕರೇ ಕೋರಿದ ಮೇಲೆ 2018ರಲ್ಲಿ ಆ ಹೆಸರನ್ನು ತೆಗೆದು ಹಳೆಯ ಹೆಸರನ್ನೇ ಮರಳಿಸಲಾಯಿತು. ಆದರೆ ಕೈಯಿಂದ ಅಂಕಿ ಬದಲಿಸುವ ಆ ಸ್ಕೋರ್‌ಬೋರ್ಡಿನ ಬಿಳಿ ಪಟ್ಟಿಗಳ ಮೇಲೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದಲ್ಲಿ ಯಾಕಿ ದಂಪತಿಯ ಇನಿಷಿಯಲ್‌ಗಳಿವೆ. ಬೀದಿಯಿಂದ ಹೋದ ಹೆಸರು ಗೋಡೆಯ ಮೇಲಿದೆ. ಅದನ್ನು ಅಳಿಸಬೇಕೇ, ಇರಲೆಂದು ಬಿಟ್ಟು ಪಕ್ಕದಲ್ಲಿ 1945ರ ಕಥೆಯನ್ನೂ ಬರೆಯಬೇಕೇ? ಇರಲಿ, ಬರೆಯಲಿ ಎಂಬುದು ನನ್ನ ನಿಲುವು. ಕೆಡವಿದ ಮೈದಾನದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಅಪರಾಧ ನಡೆದ ಜಾಗ ಕಣ್ಮರೆಯಾದರೆ ಅದರ ನೆನಪು ಬಲಿಯಾದವರ ಮನೆಗಳಿಗಷ್ಟೇ ಉಳಿಯುತ್ತದೆ.

ಇದು ಇನ್ನೂ ಸ್ಪಷ್ಟವಾಗುವುದು ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿಯ ರಿಕ್‌ವುಡ್ ಫೀಲ್ಡ್ 1910ರದ್ದು, ದೇಶದ ವೃತ್ತಿಪರ ಬೇಸ್‌ಬಾಲ್ ಮೈದಾನಗಳಲ್ಲೇ ಹಿರಿಯದು. ಒಂದೇ ಅಂಗಳವನ್ನು ಬಿಳಿಯರ ಬ್ಯಾರನ್ಸ್ ಮತ್ತು ಕರಿಯರ ಬ್ಲ್ಯಾಕ್ ಬ್ಯಾರನ್ಸ್ ತಂಡಗಳು ಬೇರೆ ಬೇರೆ ದಿನ ಹಂಚಿಕೊಂಡು ಆಡುತ್ತಿದ್ದವು. ಕರಿಯರೂ ಬಿಳಿಯರೂ ಒಟ್ಟಿಗೆ ಚೆಂಡಾಟ ಆಡಕೂಡದೆಂದು ನಗರದ ಕಾನೂನೇ ಇತ್ತು. 1948ರಲ್ಲಿ, ಇನ್ನೂ ಹೈಸ್ಕೂಲಿನಲ್ಲಿದ್ದ ವಿಲ್ಲಿ ಮೇಸ್ ಇಲ್ಲಿ ಬ್ಲ್ಯಾಕ್ ಬ್ಯಾರನ್ಸ್ ಪರ ಆಡಿದರು. ಆ ವರ್ಷ ಬಿಳಿಯರ ಬ್ಯಾರನ್ಸ್ ತಂಡ ಬಾಸ್ಟನ್ ರೆಡ್ ಸಾಕ್ಸ್‌ನ ಕೈಕೆಳಗಿನ ತಂಡವಾಗಿತ್ತು, ಅಂದರೆ ಬಾಸ್ಟನ್ನಿನವರ ಕಣ್ಣಳತೆಯಲ್ಲೇ ಆ ಹುಡುಗ ಆಡುತ್ತಿದ್ದ. 1950ರಲ್ಲಿ ಅವನನ್ನು ಸೇರಿಸಿಕೊಂಡದ್ದು ನ್ಯೂಯಾರ್ಕ್ ಜಯಂಟ್ಸ್. ಮುಂದೆ ಅವರು ಆ ಆಟದ ಸಾರ್ವಕಾಲಿಕ ಶ್ರೇಷ್ಠರ ಸಾಲಿಗೆ ಸೇರಿದರು. 2024ರ ಜೂನ್ 20ರಂದು ಮೇಜರ್ ಲೀಗ್ ಮೊದಲ ಬಾರಿಗೆ ರಿಕ್‌ವುಡ್‌ನಲ್ಲಿ ಪಂದ್ಯ ನಡೆಸಿತು. ಅದಕ್ಕೆ ಎರಡು ದಿನ ಮುಂಚೆ, 93ನೆಯ ವಯಸ್ಸಿನಲ್ಲಿ, ಮೇಸ್ ತೀರಿಕೊಂಡಿದ್ದರು. ಪಂದ್ಯಕ್ಕೆ ಮುಂಚಿನ ನೇರಪ್ರಸಾರದಲ್ಲಿ ಇನ್ನೊಬ್ಬ ಹಿರಿಯ ಆಟಗಾರ ರೆಜ್ಜಿ ಜಾಕ್ಸನ್, 1967ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಡುತ್ತಿದ್ದಾಗ ಹೋಟೆಲುಗಳಲ್ಲಿ ತನಗೆ ಊಟ, ವಸತಿ ನಿರಾಕರಿಸಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಸಂಭ್ರಮದ ದಿನ ಇಡೀ ದೇಶ ಆ ಮಾತು ಕೇಳಬೇಕಾಯಿತು. ಆ ಮಾತು ಹೊರಬರಲು ಆ ಅಂಗಳ ನಿಂತಿರಬೇಕಿತ್ತು.

ದುಡ್ಡಿನ ಮಾತಿಗೆ ಬರೋಣ, ಏಕೆಂದರೆ ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಫೆನ್‌ವೇಯಲ್ಲಿ 38,000ಕ್ಕಿಂತ ಕಡಿಮೆ ಆಸನಗಳಿವೆ, ಬೇಡಿಕೆ ಬಹಳ. ಜಾಗ ಉಳಿಸಲು ಖರ್ಚು ಮಾಡಿದ ಮಾಲೀಕರು ಅದನ್ನು ಟಿಕೆಟ್‌ನಿಂದಲೇ ವಸೂಲಿ ಮಾಡುತ್ತಾರೆ. ಗೋಡೆಯ ಮೇಲಿನ ಆಸನಗಳಂಥವು ಸಾಮಾನ್ಯ ಕುಟುಂಬದ ಕೈಗೆ ಎಟುಕುವಂಥವಲ್ಲ. ಟ್ರಾಮಿನಲ್ಲಿ ಬಂದ ಕೂಲಿಕಾರರಿಗಾಗಿಯೂ ಕಟ್ಟಿದ ಮೈದಾನವನ್ನು ಉಳಿಸಿದ್ದು ಕೊನೆಗೆ ಉಳ್ಳವರಿಗಾಗಿಯೇ ಎಂಬ ದೂರಿನಲ್ಲಿ ಹುರುಳಿದೆ. ಆದರೂ ಇದರಿಂದ ಹೊಸ ಕ್ರೀಡಾಂಗಣವೇ ಮೇಲು ಎಂಬ ತೀರ್ಮಾನ ಹೊರಡುವುದಿಲ್ಲ, ಅಲ್ಲೂ ಹಣವಂತರ ಕೊಠಡಿಗಳಿಗೇ ಒಳ್ಳೆಯ ನೋಟ. ಪ್ರವಾಸಿಗಳಿಗೆ ಒಂದು ಅನುಕೂಲವಿದೆ. ಪ್ರತಿ ತಂಡವೂ ವರ್ಷಕ್ಕೆ ಆಡುವ 162 ಆಟಗಳಲ್ಲಿ 81 ತವರಿನಲ್ಲೇ ನಡೆಯುತ್ತವೆ. ಆದ್ದರಿಂದ ವಾರದ ನಡುವಿನ ದಿನ, ಹಿಂದಿನ ಸಾಲುಗಳು ಅಷ್ಟು ದುಬಾರಿಯಾಗದೆ ಸಿಗುವ ಸಾಧ್ಯತೆ ಹೆಚ್ಚು. ಅದೂ ಆಗದಿದ್ದರೆ, ಮಾರ್ಗದರ್ಶಕರೊಂದಿಗೆ ಮೈದಾನ ಸುತ್ತುವ ಏರ್ಪಾಡು ಎರಡೂ ಕಡೆ ಇದೆ. ಹೊತ್ತು ಹೋಗದ ದೀರ್ಘ ಆಟವೆಂಬ ದೂರು ಮಾತ್ರ ಹಳೆಯದಾಯಿತು. 2023ರಿಂದ ಚೆಂಡೆಸೆಯಲು ಗಡಿಯಾರದ ಮಿತಿ ಹಾಕಿದ ಮೇಲೆ ಸರಾಸರಿ ಆಟ ಸುಮಾರು 2 ಗಂಟೆ 40 ನಿಮಿಷಕ್ಕೆ ಇಳಿದಿದೆ, ಇಪ್ಪತ್ತು ಓವರಿನ ಐಪಿಎಲ್ ಪಂದ್ಯಕ್ಕಿಂತ ಕಡಿಮೆ. ಆಟ ಗೊತ್ತಿಲ್ಲವೆಂಬುದಕ್ಕೂ ಹೆದರಬೇಕಿಲ್ಲ. ಚೆಂಡೆಸೆಯುವವನ ಉಪಾಯ, ಹೊಡೆಯುವವನ ತಾಳ್ಮೆ, ಕ್ಯಾಚಿಗೆ ಓಡುವವನ ಅಂದಾಜು ಇವನ್ನು ಕ್ರಿಕೆಟ್ ನೋಡಿ ಬೆಳೆದ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿದದ್ದನ್ನು ಅಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ಅಜ್ಜನಿಗೆ ವಿವರಿಸಲಿ. ಬೇಸಿಗೆಯುದ್ದಕ್ಕೂ ಎಲ್ಲವನ್ನೂ ದೊಡ್ಡವರೇ ಹೇಳುವ ಮನೆಗಳಲ್ಲಿ ಮಕ್ಕಳು ಗುರುವಾಗುವ ಒಂದು ಮಧ್ಯಾಹ್ನ ಚಿಕ್ಕ ವಿಷಯವೇನಲ್ಲ.

ಬೆಂಗಳೂರಿನಿಂದ ಹೋದವರು ಫೆನ್‌ವೇಯಲ್ಲಿ ಇನ್ನೊಂದನ್ನು ಗಮನವಿಟ್ಟು ನೋಡಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡ ಮೇಲೆ, ಊರ ನಡುವಿನ ಕ್ರೀಡಾಂಗಣವನ್ನೇ ಹೊರಕ್ಕೆ ಸಾಗಿಸಬೇಕೆಂಬ ಮಾತು ಗಟ್ಟಿಯಾಗಿ ಕೇಳಿಬಂತು. ಆ ಸಾವುಗಳ ಹೊಣೆ ಯಾರದೆಂಬುದು ಇಲ್ಲಿಯ ವಿಷಯವಲ್ಲ. ಆದರೆ ಫೆನ್‌ವೇಗಿರುವ ಬೀದಿಗಳೂ ಕಿರಿದೇ, ಒಳಗಿನ ಓಣಿಗಳು ಇನ್ನೂ ಕಿರಿದಾಗಿದ್ದವು. 2002ರಿಂದ ಆಟದ ದಿನಗಳಲ್ಲಿ ಮುಂದಿನ ಜರ್ಸಿ ಸ್ಟ್ರೀಟನ್ನು ವಾಹನಗಳಿಗೆ ಮುಚ್ಚಿ, ಬೀದಿಯನ್ನೇ ಕ್ರೀಡಾಂಗಣದ ಅಂಗಳವನ್ನಾಗಿ ಮಾಡಿಕೊಳ್ಳುತ್ತಾರೆ. ಟಿಕೆಟ್ ಇದ್ದವರಷ್ಟೇ ಆ ಬೀದಿಗೆ ಬರುತ್ತಾರೆ, ತಿಂಡಿ ತಿನಿಸಿಗೂ ಓಡಾಟಕ್ಕೂ ಅಲ್ಲಿ ಜಾಗ ಸಿಗುತ್ತದೆ. ಜನರೂ ಸರ್ಕಾರಿ ವ್ಯವಸ್ಥೆಯೂ ಬೇರೆ ಬೇರೆಯಾಗಿರುವುದರಿಂದ ಇದನ್ನು ಹಾಗೆಯೇ ಎತ್ತಿ ತಂದು ಇಲ್ಲಿಡಲಾಗದು. ಆದರೂ ನಗರದ ಒಡಲಿನಲ್ಲಿ ಕ್ರೀಡಾಂಗಣ ಇರಬಾರದೆಂದು ವಾದಿಸುವ ಮುನ್ನ, ನೂರು ವರ್ಷ ಮೀರಿದ ಈ ಉದಾಹರಣೆಗೆ ಉತ್ತರ ಕೊಡಬೇಕಾಗುತ್ತದೆ.

ಒಂದೇ ಮೈದಾನಕ್ಕೆ ಸಮಯವಿದ್ದರೆ ಯಾವುದು? ಹಿರಿಯರು ಜೊತೆಗಿದ್ದರೆ ರಿಗ್ಲಿಯ ಮಧ್ಯಾಹ್ನದ ಆಟ ಒಳ್ಳೆಯದು, ರಾತ್ರಿ ಊಟಕ್ಕೆ ಮನೆ ಸೇರಬಹುದು. ಇತಿಹಾಸದಲ್ಲಿ ಆಸಕ್ತಿಯಿರುವ ಹೈಸ್ಕೂಲು ಮಕ್ಕಳಿದ್ದರೆ ಫೆನ್‌ವೇ. ಆದರೆ ಅದರ ಕೆಲವು ಸಾಲುಗಳಲ್ಲಿ 1934ರ ಇಕ್ಕಟ್ಟಾದ ಮರದ ಕುರ್ಚಿಗಳೇ ಇವೆ, ಕಂಬಗಳು ನೋಟಕ್ಕೆ ಅಡ್ಡ ಬರುತ್ತವೆ, ಮಂಡಿನೋವಿದ್ದವರು ಆಸನವನ್ನು ವಿಚಾರಿಸಿಯೇ ಕೊಳ್ಳಬೇಕು. ದಕ್ಷಿಣ ರಾಜ್ಯಗಳಲ್ಲಿ ಸಂಬಂಧಿಕರಿದ್ದವರು ಅಟ್ಲಾಂಟಾದಿಂದ ಕಾರಿನಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ರಿಕ್‌ವುಡ್ ನೋಡಿಬರಬಹುದು. ಡೆಟ್ರಾಯಿಟ್ ದಾರಿಯಲ್ಲಿ ಹೋಗುವವರೂ ಮಿಶಿಗನ್ ಮತ್ತು ಟ್ರಂಬುಲ್ ರಸ್ತೆಗಳು ಕೂಡುವ ಮೂಲೆಯಲ್ಲಿ ಒಮ್ಮೆ ಇಳಿಯಲಿ. ಟೈಗರ್ ಸ್ಟೇಡಿಯಂ ಕೆಡವಿದ ಮೇಲೆ ಕಳೆ ಬೆಳೆದು ಹಾಳುಬಿದ್ದಿದ್ದ ಆ ನೆಲವನ್ನು ಅಭಿಮಾನಿಗಳೇ ವರ್ಷಗಟ್ಟಲೆ ತಮ್ಮ ಕೈಯಿಂದ ಹುಲ್ಲು ಕತ್ತರಿಸಿ ಆಟದ ಅಂಗಳವಾಗಿ ಉಳಿಸಿಕೊಂಡರು. 2018ರಿಂದ ಅಲ್ಲಿ ಊರಿನ ಮಕ್ಕಳ ಲೀಗ್ ಆಟಗಳು ನಡೆಯುತ್ತಿವೆ.